ಅಮ್ಮನಿಗೆ ಮಂಡಿನೋವು, ರಜೆ ಎರಡೇ ದಿನ: ಹಂಪೆ ಆಗುತ್ತಾ?

ಹಂಪಿನಗರ_ಮಲ್ಲಿಗೆ
ಎಲ್ಲರಿಗೂ ನಮಸ್ಕಾರ. ನಾವಿರುವುದು ಬೆಂಗಳೂರಿನ ಹಂಪಿನಗರದಲ್ಲಿ. ನಾಲ್ಕನೇ ಕ್ಲಾಸಿನ ಮಗಳು ಮೊನ್ನೆ "ನಮ್ಮ ಏರಿಯಾಗೆ ಯಾಕೆ ಈ ಹೆಸರು? ಹಂಪಿ ಎಲ್ಲಿದೆ? ನೀನು ನೋಡಿದ್ದೀಯಾ?" ಎಂದು ಕೇಳಿದಳು. ನಾನು ನೋಡಿಲ್ಲ. ನಮ್ಮ ಯಜಮಾನರೂ ನೋಡಿಲ್ಲ. ಮನೆಯಲ್ಲಿ ನೋಡಿರುವುದು ಅಮ್ಮ ಒಬ್ಬರೇ. 1974ರಲ್ಲಿ ತುಮಕೂರಿನ ಹೈಸ್ಕೂಲಿನಿಂದ ಪ್ರವಾಸ ಹೋಗಿದ್ದರಂತೆ. ವಿಠ್ಠಲ ದೇವಸ್ಥಾನದ ಕಂಬಗಳನ್ನು ಬೆರಳಿನಿಂದ ತಟ್ಟಿ ಸ್ವರ ಕೇಳಿದ್ದನ್ನು ಈಗಲೂ ಹೇಳುತ್ತಾರೆ.

ಅಮ್ಮನಿಗೆ ಈಗ 66. ಮಂಡಿನೋವು ಇದೆ. ಸಮತಟ್ಟು ನೆಲದಲ್ಲಿ ಅರ್ಧ ಕಿಲೋಮೀಟರ್ ನಿಧಾನವಾಗಿ ನಡೆಯುತ್ತಾರೆ. ಮೆಟ್ಟಿಲು ತುಂಬಾ ಕಷ್ಟ. ನನಗೆ ಸಿಗುವುದು ಡಿಸೆಂಬರಿನ ಎರಡನೇ ಶನಿವಾರ ಮತ್ತು ಭಾನುವಾರ. ಯಜಮಾನರು "ಲೇಪಾಕ್ಷಿಗೆ ಹೋಗಿ ಸಂಜೆಗೆ ವಾಪಸ್ ಬರೋಣ, ಅತ್ತೆಗೆ ಆಯಾಸ ಆಗುವುದಿಲ್ಲ" ಎನ್ನುತ್ತಾರೆ. ಅವರು ಹೇಳುವುದರಲ್ಲೂ ಅರ್ಥ ಇದೆ. ಆದರೆ ನಿನ್ನೆ ಅಮ್ಮ "ಕಾಲಿದ್ದವರು ಹಂಪೆ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಅಂತ ಗಾದೆ. ನನ್ನ ಕಾಲಿನ ಕಾಲ ಮುಗಿಯಿತು, ನೀವು ಹೋಗಿ ಬನ್ನಿ" ಎಂದರು. ಅದನ್ನು ಕೇಳಿದಾಗಿನಿಂದ ನನಗೆ ಸಮಾಧಾನವೇ ಇಲ್ಲ. ಅವರನ್ನು ಕರೆದುಕೊಂಡೇ ಹೋಗಬೇಕು.

ಎರಡು ದಿನದಲ್ಲಿ ಆಗುತ್ತಾ? ರೈಲೋ ಕಾರೋ? ಏನು ನೋಡಬೇಕು, ಏನು ಬಿಡಬೇಕು? ದಯವಿಟ್ಟು ಹೇಳಿ.

ಬೈಕ್_ಸಿದ್ದು
ಶುಕ್ರವಾರ ರಾತ್ರಿ ಹೊರಡಿ. ಶನಿವಾರ ಒಂದೇ ದಿನಕ್ಕೆ ಎಲ್ಲ ಮುಗಿಸಬಹುದು. ನಾವು ನಾಲ್ಕು ಜನ ಹಾಗೇ ಮಾಡಿದ್ದೇವೆ.

ಹೊಸಪೇಟೆ_ಹುಡುಗ
ಸಿದ್ದು ಅವರೇ, ಮುಗಿಸುವುದು ಅಂದರೇನು? ನಾನು ಹುಟ್ಟಿ ಬೆಳೆದದ್ದು ಹೊಸಪೇಟೆಯಲ್ಲಿ, ಹಂಪಿಯಿಂದ 13 ಕಿ.ಮೀ. ಈಗ ಕೆಲಸಕ್ಕೆ ವೈಟ್‌ಫೀಲ್ಡ್. ನನಗೇ ಇನ್ನೂ ಮುಗಿದಿಲ್ಲ. ಅದು ಒಂದು ದೇವಸ್ಥಾನ ಅಲ್ಲ, ಒಂದು ಇಡೀ ರಾಜಧಾನಿ.

ಮಲ್ಲಿಗೆ ಅಕ್ಕ, ನಿಮ್ಮ ತಾಯಿಯವರನ್ನು ಖಂಡಿತ ಕರೆದುಕೊಂಡು ಹೋಗಿ. ನೋಡುವ ಜಾಗ ಎರಡು ಭಾಗವಾಗಿವೆ. ಒಂದು ಹೊಳೆಯ ಕಡೆ: ವಿರೂಪಾಕ್ಷ, ಹೇಮಕೂಟ, ವಿಠ್ಠಲ. ಇನ್ನೊಂದು ಕಮಲಾಪುರದ ಕಡೆ, ರಾಜರ ಜಾಗ: ಮಹಾನವಮಿ ದಿಬ್ಬ, ಹಜಾರರಾಮ, ಕಮಲ ಮಹಲ್, ಆನೆ ಲಾಯ, ರಾಣಿಯರ ಸ್ನಾನಗೃಹ. ರಾಜರ ಜಾಗ ಬಹುಪಾಲು ಸಮತಟ್ಟು. ಗಾಡಿ ಹತ್ತಿರದವರೆಗೂ ಹೋಗುತ್ತದೆ. ಅಮ್ಮನಿಗೆ ಅದು ಸರಿ ಹೋಗುತ್ತದೆ. ಮಾತಂಗ ಬೆಟ್ಟ ಬೇಡವೇ ಬೇಡ. ಅಂಜನಾದ್ರಿಗೆ 575 ಮೆಟ್ಟಿಲು, ಅದೂ ಬೇಡ.

ವಿಠ್ಠಲ ದೇವಸ್ಥಾನದ ತನಕ ಕಾರು ಬಿಡುವುದಿಲ್ಲ. ಒಂದು ಕಿಲೋಮೀಟರ್ ಹಿಂದೆಯೇ ನಿಲ್ಲಿಸಬೇಕು. ಅಲ್ಲಿಂದ ಬ್ಯಾಟರಿ ಗಾಡಿ ಇದೆ. ಡಿಸೆಂಬರ್ ಅಂದರೆ ಶಾಲಾ ಪ್ರವಾಸದ ಸೀಸನ್, ಹತ್ತು ಗಂಟೆಯ ಮೇಲೆ ಕ್ಯೂ ಜಾಸ್ತಿ. ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ. ವಿಠ್ಠಲಕ್ಕೂ ಕಮಲ ಮಹಲಿಗೂ ಮ್ಯೂಸಿಯಮ್ಮಿಗೂ ಒಂದೇ ಟಿಕೆಟ್, ಆ ದಿನಕ್ಕೆ ಮಾತ್ರ. ನಾನು ಕೊನೆಯ ಸಲ ಹೋದಾಗ ತಲೆಗೆ 40 ರೂಪಾಯಿ ಇತ್ತು. 15 ವರ್ಷದೊಳಗಿನ ಮಕ್ಕಳಿಗೆ ಇಲ್ಲ.

ಯಶವಂತಪುರ_ಕಿಟ್ಟಿ
ರೈಲೇ ಸರಿ. ಹಂಪಿ ಎಕ್ಸ್‌ಪ್ರೆಸ್. ಸಂಗೊಳ್ಳಿ ರಾಯಣ್ಣ ನಿಲ್ದಾಣದಲ್ಲಿ ರಾತ್ರಿ ಹತ್ತಿದರೆ ಗುಂತಕಲ್ಲು, ಬಳ್ಳಾರಿ ದಾಟಿ ಬೆಳಗ್ಗೆ ಹೊಸಪೇಟೆ. ಭಾನುವಾರ ರಾತ್ರಿ ಅದೇ ರೈಲು ವಾಪಸ್, ಸೋಮವಾರ ಬೆಳಗ್ಗೆ ಮೆಜೆಸ್ಟಿಕ್. ಅಮ್ಮನಿಗೆ ಲೋವರ್ ಬರ್ತ್ ಹಾಕಿಸಿ. ಮಲಗಿಕೊಂಡು ಹೋದರೆ ಮಂಡಿಗೆ ಹಿಂಸೆ ಇಲ್ಲ. ಎರಡನೇ ಶನಿವಾರ ಎಲ್ಲರಿಗೂ ರಜೆ, ಬುಕಿಂಗ್ ಇವತ್ತೇ ಮಾಡಿ.

ತುಮಕೂರು_ರೋಡ್
ಕಾರಿನಲ್ಲಿ ಸುಮಾರು 340 ಕಿ.ಮೀ. ತುಮಕೂರು, ಶಿರಾ, ಹಿರಿಯೂರು, ಚಿತ್ರದುರ್ಗ. ಅಲ್ಲಿ ಬಲಕ್ಕೆ ತಿರುಗಿದರೆ ಕೂಡ್ಲಿಗಿ ಮೇಲೆ ಹೊಸಪೇಟೆ. ರಸ್ತೆ ಚೆನ್ನಾಗಿದೆ. ಗೊರಗುಂಟೆಪಾಳ್ಯ ದಾಟುವುದೇ ಕಷ್ಟ, ಬೆಳಗ್ಗೆ ಐದಕ್ಕೆ ಮೊದಲು ಹೊರಡಬೇಕು. ಕಾರಿದ್ದರೆ ಬೇಕಾದ ಕಡೆ ನಿಲ್ಲಿಸಬಹುದು, ಅಮ್ಮ ಕಾಲು ಚಾಚಬಹುದು. ಅಲ್ಲಿ ಸುತ್ತಾಡುವಾಗಲೂ ನಿಮ್ಮದೇ ಗಾಡಿ.

ರುಚಿ_ರಾಜಾಜಿನಗರ
ದಾರಿಯಲ್ಲಿ ದಾವಣಗೆರೆ ಬೆಣ್ಣೆದೋಸೆ ತಿನ್ನುವುದನ್ನು ಮರೆಯಬೇಡಿ!

ತುಮಕೂರು_ರೋಡ್
ದಾವಣಗೆರೆ ದಾರಿಯಲ್ಲಿ ಬರುವುದಿಲ್ಲ. ಚಿತ್ರದುರ್ಗದಲ್ಲೇ ತಿರುಗಬೇಕು. ದಾವಣಗೆರೆ ಇನ್ನೂ 60 ಕಿ.ಮೀ. ಮುಂದೆ, ಹುಬ್ಬಳ್ಳಿ ರಸ್ತೆಯಲ್ಲಿ.

ಹೊಸಪೇಟೆ_ಹುಡುಗ
ನಮ್ಮೂರಿಗೆ ಬಂದು ಬೆಣ್ಣೆದೋಸೆ ಯಾಕೆ ರೀ? ಬೆಳಗ್ಗೆ ಒಗ್ಗರಣೆ, ಮಿರ್ಚಿ ತಿನ್ನಿ. ಮಧ್ಯಾಹ್ನ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ.

ರುಚಿ_ರಾಜಾಜಿನಗರ
ಒಗ್ಗರಣೆ ಅಂದರೆ ಯಾವುದಕ್ಕೆ ಹಾಕಿದ ಒಗ್ಗರಣೆ?

ಹೊಸಪೇಟೆ_ಹುಡುಗ
ಮಂಡಕ್ಕಿಗೆ. ನೀವು ಕಡ್ಲೆಪುರಿ ಎನ್ನುತ್ತೀರಲ್ಲ, ಅದೇ. ನೆನೆಸಿ ಹಿಂಡಿ, ಈರುಳ್ಳಿ, ಹಸಿಮೆಣಸಿನಕಾಯಿ, ಹುರಿಗಡಲೆ ಪುಡಿ ಹಾಕಿ ಮಾಡುತ್ತಾರೆ. ನಮ್ಮ ಕಡೆ ಅದರ ಹೆಸರೇ ಒಗ್ಗರಣೆ.

ಚಾಮರಾಜಪೇಟೆ_ಶೈಲಾ
ನನ್ನ ಅನುಭವ ಹೇಳಲೇಬೇಕು. ನಾಲ್ಕು ವರ್ಷದ ಹಿಂದೆ ಅತ್ತೆಯನ್ನು ಕರೆದುಕೊಂಡು ಒಂದು ಪ್ಯಾಕೇಜ್ ಟೂರಿನಲ್ಲಿ ಹೋದೆವು. ಎರಡು ದಿನದಲ್ಲಿ 18 ಜಾಗ ತೋರಿಸುತ್ತೇವೆ ಎಂದಿದ್ದರು. ಪ್ರತಿ ಕಡೆಯೂ ಇಪ್ಪತ್ತು ನಿಮಿಷ. ಬಸ್ ಇಳಿದು, ನಡೆದು ಹೋಗಿ ಫೋಟೋ ತೆಗೆಯುವಷ್ಟರಲ್ಲಿ ಸೀಟಿ ಊದುತ್ತಿದ್ದರು. ಅತ್ತೆ ಮೂರನೇ ಜಾಗಕ್ಕೇ ಸುಸ್ತಾಗಿ ಬಸ್ಸಿನಲ್ಲೇ ಉಳಿದರು. ಎರಡನೇ ದಿನ ಇಡೀ ಬಸ್ಸಿನಲ್ಲೇ ಕೂತಿದ್ದರು. ಕಿಟಕಿಯಿಂದ ಬಂಡೆ ನೋಡಿಕೊಂಡು ಬಂದರು. ಅವರು ಈಗ ಇಲ್ಲ. ಅವತ್ತು ನಾನೂ ಅವರ ಜೊತೆ ಇಳಿದು ಒಂದೇ ದೇವಸ್ಥಾನದ ಜಗಲಿಯಲ್ಲಿ ಕೂತಿದ್ದರೆ ಆಗುತ್ತಿತ್ತು ಎಂದು ಈಗಲೂ ಅನ್ನಿಸುತ್ತದೆ.

ಮಲ್ಲಿಗೆ, ಪಟ್ಟಿ ಹಿಡಿದುಕೊಂಡು ಹೋಗಬೇಡಿ. ಅಮ್ಮನನ್ನು ಕೇಳಿ. ಅವರಿಗೆ ಮೂರು ಜಾಗ ಸಾಕು ಅಂದರೆ ಮೂರೇ ಸಾಕು.

ಹಂಪಿನಗರ_ಮಲ್ಲಿಗೆ
ಶೈಲಾ ಅಕ್ಕ, ಓದಿ ಕಣ್ಣು ತುಂಬಿ ಬಂತು. ಪ್ಯಾಕೇಜ್ ಬೇಡ ಅಂತ ಈಗಲೇ ತೀರ್ಮಾನ ಮಾಡಿದೆವು.

ಬೈಕ್_ಸಿದ್ದು
ನಾನು ತಾಯಿಯವರ ಮಂಡಿನೋವಿನ ವಿಷಯ ಸರಿಯಾಗಿ ಓದಿರಲಿಲ್ಲ. ಒಂದು ದಿನದ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ಆದರೆ ಕಲ್ಲಿನ ರಥ ಬಿಡಬೇಡಿ. ಒಂದೇ ಬಂಡೆಯಲ್ಲಿ ಇಡೀ ರಥ ಕೆತ್ತಿದ್ದಾರೆ. 50 ರೂಪಾಯಿ ನೋಟಿನಲ್ಲಿ ಇರುವುದು ಅದೇ, ಮಗಳಿಗೆ ನೋಟು ಹಿಡಿದು ತೋರಿಸಿ.

ಕಲ್ಲಿನ_ಕಥೆ
ನೋಟಿನ ಮಾತು ಸರಿ. ಒಂದೇ ಬಂಡೆ ಅನ್ನುವುದು ತಪ್ಪು. ಬೇರೆ ಬೇರೆ ಕಲ್ಲುಗಳನ್ನು ಜೋಡಿಸಿದ್ದಾರೆ. ಸಂದು ಕಾಣದ ಹಾಗೆ ಕೆತ್ತನೆಯೊಳಗೆ ಮುಚ್ಚಿದ್ದಾರೆ, ಅದೇ ಅದರ ಜಾಣತನ. ಅದು ರಥದ ಆಕಾರದಲ್ಲಿರುವ ಗರುಡನ ಗುಡಿ. ಮುಂದೆ ಈಗ ಎರಡು ಆನೆ ಇವೆಯಲ್ಲ, ಅವು ಮೊದಲಿನವಲ್ಲ. ಅಲ್ಲಿ ಕುದುರೆಗಳಿದ್ದವು. ಆನೆಗಳ ಹಿಂದೆ ಬಗ್ಗಿ ನೋಡಿದರೆ ಕುದುರೆಯ ಹಿಂಗಾಲು, ಬಾಲ ಇನ್ನೂ ಕಾಣುತ್ತವೆ. ಮಗಳಿಗೆ ಇದನ್ನು ಹುಡುಕಲು ಹೇಳಿ. ಮೇಲೆ ಇಟ್ಟಿಗೆಯ ಗೋಪುರವೂ ಇತ್ತು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಫೋಟೋದಲ್ಲಿ ಗೋಪುರ ಹಾಗೇ ಇದೆ.

ಬೈಕ್_ಸಿದ್ದು
ಗೈಡ್ ನಮಗೆ ಒಂದೇ ಬಂಡೆ ಎಂದೇ ಹೇಳಿದ್ದ. ಮುಂದಿನ ಸಲ ಕುದುರೆ ಬಾಲ ಹುಡುಕುತ್ತೇನೆ.

ಸೌಮ್ಯ_ಮಲ್ಲೇಶ್ವರ
ಉಗ್ರ ನರಸಿಂಹನನ್ನೂ ನೋಡಿ. ರಸ್ತೆ ಪಕ್ಕದಲ್ಲೇ ಇದೆ, ಅಮ್ಮನಿಗೆ ಸುಲಭ.

ಕಲ್ಲಿನ_ಕಥೆ
ಸೌಮ್ಯ ಅವರೇ, ಅದು ಉಗ್ರ ನರಸಿಂಹ ಅಲ್ಲ, ಲಕ್ಷ್ಮೀನರಸಿಂಹ. ಎಡತೊಡೆಯ ಮೇಲೆ ಲಕ್ಷ್ಮಿ ಕೂತಿದ್ದಳು. ಆ ಮೂರ್ತಿ ಒಡೆದು ಹೋಗಿದೆ. ನರಸಿಂಹನ ಬೆನ್ನ ಹಿಂದೆ ಹೋಗಿ ನೋಡಿ, ಅವನನ್ನು ಬಳಸಿದ ಲಕ್ಷ್ಮಿಯ ಕೈ ಮಾತ್ರ ಉಳಿದಿದೆ. ನಾನು ಹಂಪೆಯಲ್ಲಿ ತುಂಬಾ ಹೊತ್ತು ನಿಂತು ನೋಡಿದ್ದು ಆ ಕೈಯನ್ನು. 1528ರಲ್ಲಿ, ಕೃಷ್ಣದೇವರಾಯನ ಕಾಲದಲ್ಲಿ ಮಾಡಿದ್ದು. ಎತ್ತರ 6.7 ಮೀಟರ್. ಇದು ಮಾತ್ರ ನಿಜವಾಗಿ ಒಂದೇ ಬಂಡೆ.

ಸೌಮ್ಯ_ಮಲ್ಲೇಶ್ವರ
ಫಲಕದಲ್ಲೂ ಪುಸ್ತಕದಲ್ಲೂ ಉಗ್ರ ನರಸಿಂಹ ಎಂದೇ ನೋಡಿದ ನೆನಪು. ಎಲ್ಲರೂ ಹಾಗೇ ಕರೆಯುತ್ತಾರೆ ಅಲ್ವಾ?

ಕಲ್ಲಿನ_ಕಥೆ
ಕರೆಯುತ್ತಾರೆ. ಮುಖ ಒಡೆದು, ಜೊತೆಯವಳು ಇಲ್ಲದೆ ಒಬ್ಬನೇ ಕೂತಿದ್ದಕ್ಕೆ ಉಗ್ರನ ಹಾಗೆ ಕಾಣುತ್ತಾನೆ. ಅದಕ್ಕೇ ಹೆಸರು ಸರಿಪಡಿಸಬೇಕು ಎನ್ನುತ್ತೇನೆ. ಪಕ್ಕದ ಗುಡಿಯಲ್ಲಿ ಬಡವಿಲಿಂಗ ಇದೆ, ಮೂರು ಮೀಟರ್ ಎತ್ತರ, ಬುಡದಲ್ಲಿ ಯಾವಾಗಲೂ ನೀರು. ಬಡ ಹೆಂಗಸೊಬ್ಬಳು ಮಾಡಿಸಿದ್ದು ಅಂತ ಜನ ಹೇಳುತ್ತಾರೆ. ಅಮ್ಮನಿಗೆ ಇಷ್ಟವಾಗುತ್ತದೆ.

ಕನ್ನಡ_ಕುತೂಹಲಿ
ಸುಮ್ನೆ ಒಂದು ಪ್ರಶ್ನೆ. ಕೆಲವರು ಹಂಪಿ ಅಂತ ಬರೆಯುತ್ತಿದ್ದೀರಿ, ಕೆಲವರು ಹಂಪೆ. ಯಾವುದು ಸರಿ?

ನಿವೃತ್ತ_ಮೇಷ್ಟ್ರು
ಎರಡೂ ಸರಿ. ಹೊಳೆಯ ಹಳೆಯ ಹೆಸರು ಪಂಪಾ. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರ ಆಯಿತು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಹಾಗೇ ಪಂಪೆ ಹಂಪೆಯಾಯಿತು. ಬಡಗಣ ಕಡೆಯವರ ಬಾಯಲ್ಲಿ ಮನೆ ಮನಿ ಆಗುವ ಹಾಗೆ ಹಂಪೆ ಹಂಪಿ ಆಯಿತು. ಊರಿನವರು ಹಂಪಿ ಎನ್ನುತ್ತಾರೆ. 1991ರಲ್ಲಿ ಶುರುವಾದ ಕನ್ನಡ ವಿಶ್ವವಿದ್ಯಾಲಯವೂ ಹಂಪಿ ಎಂದೇ ಬರೆದುಕೊಳ್ಳುತ್ತದೆ. ಹಾಳು ಹಂಪೆ ಎಂಬ ಮಾತಿನಲ್ಲಿ ಎಕಾರ ಉಳಿದಿದೆ.

ಇನ್ನೊಂದು ಮಾತು. ಹಂಪೆ ಅಂದರೆ 1336ರಲ್ಲಿ, ವಿಜಯನಗರ ಸಾಮ್ರಾಜ್ಯದ ಜೊತೆ ಶುರುವಾಯಿತು ಎಂದುಕೊಳ್ಳಬೇಡಿ. ರಗಳೆಗಳನ್ನು ಬರೆದ ಹರಿಹರ ಕವಿ ಹಂಪೆಯ ವಿರೂಪಾಕ್ಷನ ಭಕ್ತ. ಅವನು ಅದಕ್ಕಿಂತ ಎಷ್ಟೋ ಹಿಂದಿನವನು. ಹೇಮಕೂಟದ ಮೇಲಿನ ಚಿಕ್ಕ ಗುಡಿಗಳಲ್ಲಿ ಕೆಲವು ಸಾಮ್ರಾಜ್ಯಕ್ಕಿಂತ ಹಳೆಯವು.

ಹಂಪಿನಗರ_ಮಲ್ಲಿಗೆ
ಮೇಷ್ಟ್ರೇ, ಅಮ್ಮನಿಗೆ ಇದನ್ನು ಓದಿ ಹೇಳಿದೆ. "ಇವರ ಕ್ಲಾಸಿನಲ್ಲಿ ಕೂರಬೇಕಿತ್ತು" ಎಂದರು.

ಶಿವಾಜಿನಗರ_ವಿನಯ್
ನಿಮ್ಮ ಯಜಮಾನರ ಮಾತನ್ನೂ ಸ್ವಲ್ಪ ಯೋಚಿಸಿ. ಲೇಪಾಕ್ಷಿ ಬೆಂಗಳೂರಿನಿಂದ ಸುಮಾರು 120 ಕಿ.ಮೀ. ಬಾಗೇಪಲ್ಲಿ ದಾಟಿ ಎಡಕ್ಕೆ. ವೀರಭದ್ರ ದೇವಸ್ಥಾನ ವಿಜಯನಗರದ್ದೇ, ಅಚ್ಯುತರಾಯನ ಕಾಲದ್ದು. ನೆಲಕ್ಕೆ ತಾಗದ ಕಂಬ, ದೊಡ್ಡ ನಂದಿ, ಚಾವಣಿಯ ಬಣ್ಣದ ಚಿತ್ರಗಳು. ಊರು ಆಂಧ್ರದಲ್ಲಿದ್ದರೂ ಅಲ್ಲಿ ಕನ್ನಡ ಶಾಸನಗಳಿವೆ. ನನ್ನ ತಂದೆಗೆ ಬೈಪಾಸ್ ಆದಮೇಲೆ ದೂರ ಹೋಗುವ ಹಾಗಿರಲಿಲ್ಲ. ಅವರಿಗೆ ಲೇಪಾಕ್ಷಿಯ ಚಿತ್ರಗಳೇ ಹಂಪೆಯಾದವು. ಒಂದು ಗಂಟೆ ತಲೆ ಎತ್ತಿ ನೋಡುತ್ತಾ ನಿಂತಿದ್ದರು.

ಚಾಮರಾಜಪೇಟೆ_ಶೈಲಾ
ವಿನಯ್, ಲೇಪಾಕ್ಷಿ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಅವರ ಅಮ್ಮ ಕೇಳುತ್ತಿರುವುದು ತಾವು ಹುಡುಗಿಯಾಗಿದ್ದಾಗ ನೋಡಿದ ಜಾಗವನ್ನು. ಅದಕ್ಕೆ ಬೇರೆ ಊರು ಬದಲಿಗೆ ಆಗುವುದಿಲ್ಲ.

ಬೇಗೂರು_ನವೀನ್
ಅಷ್ಟು ದೂರ ಯಾಕೆ, ನಮ್ಮ ಬೇಗೂರಿಗೆ ಬನ್ನಿ. ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು ಕ್ರಿ.ಶ. 890ರ ವೀರಗಲ್ಲು ಇದೆ. ಅದರಲ್ಲಿ ಬೆಂಗಳೂರು ಕಾಳಗ ಅಂತ ಬರೆದಿದೆ. ಬೆಂದಕಾಳೂರಿನ ಕಥೆ ಹೊಯ್ಸಳ ಬಲ್ಲಾಳನದು, ಅವನು 300 ವರ್ಷ ಆಮೇಲಿನವನು. ಊರಿನ ಹೆಸರು ಅದಕ್ಕೆ ಮೊದಲೇ ಇತ್ತು. ಸುತ್ತ ಅಪಾರ್ಟ್‌ಮೆಂಟ್ ತುಂಬಿಕೊಂಡಿದೆ, ಆದರೂ ಕಲ್ಲು ನಿಂತಿದೆ.

ನಿರ್ವಾಹಕ
ನವೀನ್, ಬೇಗೂರಿಗೆ ಬೇರೆ ಚರ್ಚೆ ಶುರು ಮಾಡಿ, ಅಲ್ಲಿ ಎಲ್ಲರೂ ಬರುತ್ತೇವೆ. ಇಲ್ಲಿ ಹಂಪೆ ಇರಲಿ.

ಬಿಸಿಲು_ಬಳ್ಳಾರಿ
ಡಿಸೆಂಬರ್ ಎಂದಿದ್ದಕ್ಕೆ ಖುಷಿ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ. ಬಂಡೆಯ ಕಾವು ರಾತ್ರಿಯೂ ಇಳಿಯುವುದಿಲ್ಲ. ಡಿಸೆಂಬರಿನಲ್ಲೂ ಮಧ್ಯಾಹ್ನ ಹನ್ನೆರಡರಿಂದ ಮೂರರ ತನಕ ರೂಮಿನಲ್ಲಿರಿ. ಟೋಪಿ, ನೀರು, ಅಮ್ಮನಿಗೆ ಮಡಚುವ ಸ್ಟೂಲ್. ಗುಡಿಯೊಳಗೆ ಬರಿಗಾಲು, ಹೊರಗಿನ ಬಂಡೆ ಸುಡುತ್ತದೆ, ಕಾಲುಚೀಲ ಒಂದು ಜೊತೆ ಜಾಸ್ತಿ ಇಟ್ಟುಕೊಳ್ಳಿ.

ಪ್ರಶಾಂತ್_ಜಯನಗರ
ಮಗಳಿಗೆ ಇದನ್ನೆಲ್ಲ ಒಡೆದವರು ಯಾರು ಅಂತ ಸರಿಯಾಗಿ ಹೇಳಿಕೊಡಿ. ಮುಚ್ಚಿಡಬೇಡಿ.

ನಿವೃತ್ತ_ಮೇಷ್ಟ್ರು
ಹೇಳಬೇಕು, ಪೂರ್ತಿ ಹೇಳಬೇಕು. 1565ರ ಜನವರಿಯಲ್ಲಿ ಕೃಷ್ಣಾ ನದಿಯ ಹತ್ತಿರ ಯುದ್ಧ ಆಯಿತು. ರಕ್ಕಸಗಿ, ತಂಗಡಗಿ ಎಂಬ ಹಳ್ಳಿಗಳ ಹೆಸರಿನಿಂದ ರಕ್ಕಸತಂಗಡಿ ಎನ್ನುತ್ತೇವೆ. ದಖ್ಖನದ ಸುಲ್ತಾನರು ಒಂದಾಗಿ ಬಂದಿದ್ದರು. ಅಳಿಯ ರಾಮರಾಯ ಸತ್ತ. ತಮ್ಮ ತಿರುಮಲ ಬೊಕ್ಕಸ ಹೊತ್ತುಕೊಂಡು ಪೆನುಕೊಂಡೆಯ ಕಡೆ ಹೋದ. ರಾಜಧಾನಿ ಕಾಯುವವರಿಲ್ಲದೆ ಉಳಿಯಿತು. ತಿಂಗಳುಗಟ್ಟಲೆ ಲೂಟಿ ನಡೆಯಿತು, ಬೆಂಕಿ ಬಿತ್ತು. ಅರಮನೆಗಳ ಮೇಲ್ಭಾಗ ಮರದ್ದು. ಅದು ಸುಟ್ಟು ಹೋಯಿತು, ಕಲ್ಲಿನ ಪೀಠ ಮಾತ್ರ ಉಳಿಯಿತು. "ರಾಜನ ಮನೆ ಎಲ್ಲಿ?" ಎಂದು ಮಗು ಕೇಳಿದರೆ ಆ ಪೀಠ ತೋರಿಸಿ.

ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಆಮೇಲೆ ನಿಧಿಯ ಆಸೆಗೆ ಮೂರ್ತಿಗಳ ಬುಡ ಅಗೆದವರು ನಮ್ಮವರೇ. 2019ರಲ್ಲಿ ಕಂಬ ಉರುಳಿಸಿ ವಿಡಿಯೋ ಮಾಡಿಕೊಂಡವರು ಈ ಕಾಲದ ಹುಡುಗರೇ. ಕೋರ್ಟು ಒಬ್ಬೊಬ್ಬರಿಗೆ 70,000 ರೂಪಾಯಿ ದಂಡ ಹಾಕಿ, ಅವರ ಕೈಯಿಂದಲೇ ಕಂಬ ನಿಲ್ಲಿಸಿತು. ಮಗುವಿಗೆ ಇದನ್ನೂ ಹೇಳಬೇಕು.

ಪ್ರಶಾಂತ್_ಜಯನಗರ
ಒಪ್ಪುತ್ತೇನೆ ಮೇಷ್ಟ್ರೇ. ಮರದ ಅರಮನೆಯ ವಿಷಯ ನನಗೆ ಗೊತ್ತಿರಲಿಲ್ಲ. ಬರೀ ಪೀಠಗಳನ್ನು ನೋಡಿ ಅರ್ಧಕ್ಕೆ ನಿಂತ ಕಟ್ಟಡ ಎಂದುಕೊಂಡಿದ್ದೆ.

ಹಂಪಿನಗರ_ಮಲ್ಲಿಗೆ
ಒಂದು ಮುಖ್ಯ ಪ್ರಶ್ನೆ. ಸಂಗೀತದ ಕಂಬಗಳನ್ನು ಈಗ ತಟ್ಟಲು ಬಿಡುತ್ತಾರಾ? ಅಮ್ಮ ಅದಕ್ಕೇ ಕಾಯುತ್ತಿದ್ದಾರೆ.

ಹೊಸಪೇಟೆ_ಹುಡುಗ
ಇಲ್ಲ ಅಕ್ಕ. ಮುಟ್ಟುವ ಹಾಗಿಲ್ಲ, ಕಾವಲಿನವರು ಇರುತ್ತಾರೆ.

ರಾಗ_ರಂಜಿನಿ
ಒಬ್ಬ ವಯಸ್ಸಾದ ಅಮ್ಮ ಒಂದೇ ಸಲ ಬೆರಳಿನಿಂದ ತಟ್ಟಿದರೆ ಕಲ್ಲು ಸವೆಯುತ್ತಾ? ಕೇಳಿಸದೇ ಇದ್ದರೆ ಅದು ಸಂಗೀತದ ಕಂಬ ಹೇಗೆ? 56 ಕಂಬ ಇವೆ ಎನ್ನುತ್ತಾರೆ, ಒಂದನ್ನಾದರೂ ಬಿಡಬಹುದಿತ್ತು.

ಕಲ್ಲಿನ_ಕಥೆ
ಒಬ್ಬರು ತಟ್ಟಿದರೆ ಸವೆಯುವುದಿಲ್ಲ. ಆದರೆ ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕು. ಜನ ಬೆರಳಿನಿಂದ ತಟ್ಟುವುದಿಲ್ಲ. ಕೋಲು, ಕಲ್ಲು, ಬೀಗದ ಕೈ ತೆಗೆದುಕೊಂಡು ಹೊಡೆಯುತ್ತಾರೆ. ತೆಳ್ಳಗಿನ ಕಂಬಗಳು ಅವು. ಒಂದು ಮುರಿದರೆ ಮತ್ತೆ ಕೂಡಿಸಲು ಆಗುತ್ತಾ?

ನಿವೃತ್ತ_ಮೇಷ್ಟ್ರು
ನಾನು ಮಕ್ಕಳನ್ನು ಕರೆದುಕೊಂಡು ಹೋದವನು. 80ರ ದಶಕದಲ್ಲಿ ಆರು ಪ್ರವಾಸ. ಒಂದು ಬಸ್ಸಿಗೆ 50 ಮಕ್ಕಳು. ಎಲ್ಲರೂ ತಟ್ಟಿದರು, ನಾನೇ ತಟ್ಟಿ ತೋರಿಸಿದೆ. ಅದೇ ದಿನ ಅಂಗಳದಲ್ಲಿ ಹತ್ತಾರು ಬಸ್ಸಿನ ಮಕ್ಕಳು ಇದ್ದರು. ಆಮೇಲೆ ಒಂದು ಸಲ ಹೋದಾಗ ಕಂಬದ ಮೇಲೆ ಕೈ ತಾಗುವ ಎತ್ತರದಲ್ಲಿ ಕೆತ್ತನೆ ನುಣ್ಣಗಾಗಿದ್ದು ಕಂಡಿತು. ನನಗೆ ತುಂಬಾ ನೋವಾಯಿತು. ರಂಜಿನಿಯವರೇ, ನಿಯಮ ಸರಿಯಾಗಿದೆ. ಆ ತಾಯಿಗೆ ನನ್ನ ನಮಸ್ಕಾರ ತಿಳಿಸಿ, ನಾವಿಬ್ಬರೂ ಆ ಸ್ವರ ಕೇಳಿದ ಪುಣ್ಯವಂತರು ಎಂದು ಹೇಳಿ.

ರಾಗ_ರಂಜಿನಿ
ಬಸ್ಸುಗಳ ಲೆಕ್ಕ ಕೇಳಿದ ಮೇಲೆ ನನ್ನ ಮಾತು ನಿಲ್ಲುವುದಿಲ್ಲ. ಸರಿ.

ಗಂಗಾವತಿ_ಗೌರಿ
ಹೊಳೆಯ ಈಚೆ ಕಡೆಯವಳು ನಾನು. ಭಾನುವಾರ ಅರ್ಧ ದಿನ ಆನೆಗೊಂದಿಗೆ ಬನ್ನಿ. ಬುಕ್ಕಸಾಗರದಿಂದ ಕಡೆಬಾಗಿಲಿಗೆ ಸೇತುವೆ ಇದೆ, ಗಾಡಿಯಲ್ಲೇ ಬರಬಹುದು. ಹರಿಗೋಲಿನ ಆಸೆ ಮಗಳಿಗೆ ಇರುತ್ತದೆ. ಹೊಳೆ ಶಾಂತವಾಗಿದ್ದರೆ ಮಾತ್ರ ಹತ್ತಿಸಿ, ಲೈಫ್ ಜಾಕೆಟ್ ಕೊಡದಿದ್ದರೆ ಹತ್ತಿಸಲೇಬೇಡಿ. ಮೇಲೆ ತುಂಗಭದ್ರಾ ಡ್ಯಾಮ್ ಇದೆ, ನೀರು ಬಿಟ್ಟರೆ ಹೊಳೆ ಬದಲಾಗುತ್ತದೆ. 2024ರ ಆಗಸ್ಟಿನಲ್ಲಿ 19ನೇ ಗೇಟು ಕಿತ್ತುಹೋದಾಗ ನಾವು ರಾತ್ರಿಯೆಲ್ಲ ಎದ್ದು ಕೂತಿದ್ದೆವು.

ಅಮ್ಮ ಹೇಳಿದ ಗಾದೆಯ ಇನ್ನರ್ಧ ನಮ್ಮ ಜಿಲ್ಲೆಯಲ್ಲಿದೆ. ಕನಕಗಿರಿ, ಗಂಗಾವತಿಯಿಂದ ಸುಮಾರು 20 ಕಿ.ಮೀ. ಕನಕಾಚಲಪತಿ ದೇವಸ್ಥಾನದ ಕಂಬಗಳನ್ನು ಕೂತಲ್ಲೇ ನೋಡಬಹುದು.

ಹಣ್ಣು_ಹಂಪಲು
ಕಮಲಾಪುರದ ಕೆಂಪು ಬಾಳೆಹಣ್ಣು ತನ್ನಿ, ಬಹಳ ಹೆಸರುವಾಸಿ.

ಹೊಸಪೇಟೆ_ಹುಡುಗ
ಕೆಂಬಾಳೆಯದು ಕಲಬುರಗಿ ಜಿಲ್ಲೆಯ ಕಮಲಾಪುರ. ಜಿಐ, ಅಂದರೆ ಆ ಊರಿನದೇ ಬೆಳೆ ಎಂಬ ಸರ್ಕಾರಿ ಗುರುತು, ಸಿಕ್ಕಿರುವುದು ಅದಕ್ಕೆ. ನಮ್ಮ ಕಮಲಾಪುರ ಬೇರೆ. ಆದರೆ ಬಾಳೆ ನಮ್ಮಲ್ಲೂ ಬೇಕಾದಷ್ಟಿದೆ. ಗುಡಿಗಳ ನಡುವೆಯೇ ತೋಟ. ವಿಜಯನಗರದವರು ತೋಡಿದ ತುರ್ತು ಕಾಲುವೆ ಈಗಲೂ ಆ ತೋಟಗಳಿಗೆ ನೀರು ಕೊಡುತ್ತಿದೆ. ಹಾಳು ಹಂಪೆ ಎನ್ನುವವರಿಗೆ ನಾನು ಮೊದಲು ಆ ಕಾಲುವೆ ತೋರಿಸುತ್ತೇನೆ.

ಹಂಪಿನಗರ_ಮಲ್ಲಿಗೆ (ಎರಡು ವಾರದ ನಂತರ)
ಹೋಗಿ ಬಂದೆವು! ಬರೆಯುವುದು ತಡವಾಯಿತು, ಕ್ಷಮಿಸಿ.

ರೈಲಿನಲ್ಲಿ ಹೋದೆವು. ಯಜಮಾನರೇ ಟಿಕೆಟ್ ಮಾಡಿಸಿ, ಅಮ್ಮನಿಗೆ ಮಡಚುವ ಸ್ಟೂಲನ್ನೂ ತಂದಿಟ್ಟಿದ್ದರು. ಹೊಸಪೇಟೆಯಲ್ಲಿ ಎರಡು ದಿನಕ್ಕೂ ಒಂದೇ ಆಟೋ ಮಾತಾಡಿದೆವು. ಕಮಲಾಪುರದಲ್ಲಿ ಉಳಿದುಕೊಂಡೆವು.

ಶನಿವಾರ ಮೊದಲು ಮ್ಯೂಸಿಯಮ್ಮಿಗೆ ಹೋದೆವು. ಅಲ್ಲಿ ಇಡೀ ಹಂಪೆಯ ಮಾದರಿ ಮಾಡಿಟ್ಟಿದ್ದಾರೆ. ಹೊಳೆ, ಬೆಟ್ಟ, ಗುಡಿ ಎಲ್ಲ ಒಂದೇ ನೋಟಕ್ಕೆ ಸಿಗುತ್ತದೆ. ಅಮ್ಮ ಅದರ ಮುಂದೆ ಕೂತು "ನಮ್ಮ ಬಸ್ಸು ಇಲ್ಲಿ ನಿಂತಿತ್ತು, ಇಲ್ಲಿ ಚಿತ್ರಾನ್ನ ತಿಂದೆವು" ಎಂದು ಬೆರಳಿಟ್ಟು ಹೇಳಿದರು. ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ದಯವಿಟ್ಟು ಅಲ್ಲಿಂದಲೇ ಶುರು ಮಾಡಿ.

ಅಲ್ಲಿಂದ ಹಜಾರರಾಮ ದೇವಸ್ಥಾನ. ಗೋಡೆಯ ಮೇಲೆ ಸಾಲು ಸಾಲಾಗಿ ರಾಮಾಯಣ. ಅಮ್ಮ ಸ್ಟೂಲ್ ಹಾಕಿಕೊಂಡು ಕೂತರು. ದಶರಥನ ಯಾಗದಿಂದ ಶುರು ಮಾಡಿ ಮಗಳಿಗೆ ಒಂದೊಂದೇ ಚಿತ್ರ ತೋರಿಸಿ ಕಥೆ ಹೇಳಿದರು. ಒಂದು ಸಾಲು ಮುಗಿದರೆ ಸ್ಟೂಲ್ ಸ್ವಲ್ಪ ಮುಂದಕ್ಕೆ. ಬೇರೆ ಎರಡು ಮನೆಯ ಮಕ್ಕಳೂ ಬಂದು ಪಕ್ಕದಲ್ಲಿ ಕೂತವು. ಒಂದೂವರೆ ಗಂಟೆ ಅಲ್ಲೇ ಇದ್ದೆವು. ಕಮಲ ಮಹಲ್, ಆನೆ ಲಾಯ ನಿಧಾನವಾಗಿ ನೋಡಿದೆವು. ಲಾಯದ 11 ಕೋಣೆಗಳಿಗೂ ಮಗಳು ಓಡಿ ಹೋಗಿ ಬಂದಳು. ಮೆಟ್ಟಿಲು ಬಾವಿಯ ಕಲ್ಲುಗಳ ಮೇಲೆ ಯಾವ ದಿಕ್ಕು, ಯಾವ ಸಾಲು ಅಂತ ಕೆಲಸಗಾರರು ಗುರುತು ಹಾಕಿದ್ದಾರೆ ಎಂದು ಗೈಡ್ ಹೇಳಿದರು. 80ರ ದಶಕದಲ್ಲಿ ಅಗೆದಾಗ ಸಿಕ್ಕಿದ್ದಂತೆ. ಅಮ್ಮ ನೋಡಿದಾಗ ಅದು ಮಣ್ಣಿನಡಿಯಲ್ಲೇ ಇತ್ತು! ಅವರಿಗೆ ಅದು ಪೂರ್ತಿ ಹೊಸದು. ಮಹಾನವಮಿ ದಿಬ್ಬವನ್ನು ಅಮ್ಮ ಹತ್ತಲಿಲ್ಲ. ಕೆಳಗೆ ಸುತ್ತಲೂ ಕುದುರೆ, ಆನೆ, ಕೋಲಾಟದ ಸಾಲುಗಳಿವೆ, ಅದನ್ನೇ ನೋಡಿದರು.

ಅದೇ ದಿನ ಮೂರೂವರೆಗೆ ವಿಠ್ಠಲಕ್ಕೆ ಹೋದೆವು, ಟಿಕೆಟ್ ಒಂದೇ ದಿನದ್ದು ಎಂದು. ಅದು ನಮ್ಮ ತಪ್ಪು. ಬ್ಯಾಟರಿ ಗಾಡಿಗೆ 50 ನಿಮಿಷ ನಿಂತೆವು. ಅಮ್ಮನಿಗೆ ಕಾಲು ಊದಿಕೊಂಡಿತು. ಹೊಸಪೇಟೆ ಅಣ್ಣ ಹೇಳಿದ ಹಾಗೆ ಬೆಳಗ್ಗೆಯೇ ಹೋಗಬೇಕಿತ್ತು. ಮಗಳು ಮೊದಲು ರಥದ ಹಿಂದೆ ಓಡಿ ಕುದುರೆ ಬಾಲ ಹುಡುಕಿದಳು. ಸಿಕ್ಕಿತು!

ಕಂಬದ ಮಂಟಪದ ಒಳಗೆ ಬಿಡಲಿಲ್ಲ. ಅಮ್ಮ ಹೊರಗೆ ನಿಂತು ತುಂಬಾ ಹೊತ್ತು ನೋಡಿದರು. ಗೈಡ್ ಪಾಪ ಫೋನಿನಲ್ಲಿ ಸ್ವರದ ರೆಕಾರ್ಡಿಂಗ್ ಹಾಕಲು ಹೋದರು. ಅಮ್ಮ ಬೇಡ ಎಂದರು. ಆಮೇಲೆ ಮೊಮ್ಮಗಳ ಕೈ ಹಿಡಿದುಕೊಂಡು, ಅವಳ ಅಂಗೈಯನ್ನು ಬೆರಳಿನಿಂದ ತಟ್ಟುತ್ತಾ, ಬಾಯಲ್ಲೇ ಒಂದೊಂದು ಸ್ವರ ಹೇಳಿ ತೋರಿಸಿದರು. ಅವಳು ಈಗ ಮನೆಯಲ್ಲಿ ಊಟದ ತಟ್ಟೆಯಿಂದ ಹಿಡಿದು ಕಿಟಕಿ ಸರಳಿನ ತನಕ ಎಲ್ಲವನ್ನೂ ತಟ್ಟಿ ಅದೇ ಸ್ವರ ಹುಡುಕುತ್ತಿದ್ದಾಳೆ. ಮೇಷ್ಟ್ರೇ, ನಿಮ್ಮ ನಮಸ್ಕಾರ ತಲುಪಿಸಿದೆ. ಅಮ್ಮ ನಿಮಗೂ ಹೇಳಿದ್ದಾರೆ.

ಭಾನುವಾರ ವಿರೂಪಾಕ್ಷನ ದರ್ಶನ. ಒಳಗಿನ ಕತ್ತಲೆ ಕೋಣೆಯಲ್ಲಿ ಗೋಪುರದ ನೆರಳು ಗೋಡೆಯ ಮೇಲೆ ತಲೆಕೆಳಗಾಗಿ ಬೀಳುವುದನ್ನು ನೋಡಿ ಯಜಮಾನರು ಅಲ್ಲೇ ನಿಂತುಬಿಟ್ಟರು. ಚಿಕ್ಕ ಕಿಂಡಿಯಿಂದ ಬೆಳಕು ಬಂದರೆ ಹೀಗಾಗುತ್ತದೆ ಅಂತ ಮಗಳಿಗೆ ವಿವರಿಸಿದರು. ನರಸಿಂಹನ ಬೆನ್ನ ಹಿಂದಿನ ಕೈಯನ್ನೂ ನೋಡಿದೆವು. ಆನೆಗೊಂದಿ ಬಿಟ್ಟೆವು, ಹರಿಗೋಲೂ ಬಿಟ್ಟೆವು. ಅಮ್ಮನ ಕಾಲಿಗೆ ವಿಶ್ರಾಂತಿ ಬೇಕಿತ್ತು. ಮಧ್ಯಾಹ್ನವೆಲ್ಲ ವಿರೂಪಾಕ್ಷನ ಅಂಗಳದ ನೆರಳಿನಲ್ಲಿ ಕೂತಿದ್ದೆವು.

ಚಾಮರಾಜಪೇಟೆ_ಶೈಲಾ
ಅಂಗೈ ತಟ್ಟಿದ್ದನ್ನು ನಾಲ್ಕು ಸಲ ಓದಿದೆ. ತುಂಬಾ ಒಳ್ಳೆಯ ಕೆಲಸ ಮಾಡಿದಿರಿ.

ಹೊಸಪೇಟೆ_ಹುಡುಗ
ಒಗ್ಗರಣೆ ತಿಂದಿರಾ?

ಹಂಪಿನಗರ_ಮಲ್ಲಿಗೆ
ಎರಡು ದಿನವೂ ತಿಂದೆವು. ಮಿರ್ಚಿ ಖಾರ ಅಮ್ಮನಿಗೆ ಮಾತ್ರ ಏನೂ ಅನ್ನಿಸಲಿಲ್ಲ.

ಬೈಕ್_ಸಿದ್ದು
ಅಮ್ಮನ ಕಾಲು ಈಗ ಹೇಗಿದೆ?

ಹಂಪಿನಗರ_ಮಲ್ಲಿಗೆ
ಮೂರು ದಿನ ಎಣ್ಣೆ ಹಚ್ಚಿ ಬಿಸಿನೀರು ಹಾಕಿದೆವು. ಊತ ಇಳಿದಿದೆ.

ಗಂಗಾವತಿ_ಗೌರಿ
ಆನೆಗೊಂದಿ ಬಾಕಿ ಇಟ್ಟುಕೊಂಡಿದ್ದೀರಿ, ಕನಕಗಿರಿಯೂ ಬಾಕಿ. ಜಾತ್ರೆ ಬಿಟ್ಟು ಬೇರೆ ದಿನ ಬನ್ನಿ, ನೆಮ್ಮದಿಯಾಗಿ ನೋಡಬಹುದು. ನಮ್ಮ ಮನೆಯಲ್ಲೇ ಊಟ.

ಹಂಪಿನಗರ_ಮಲ್ಲಿಗೆ
ಗೌರಿ ಅಕ್ಕ, ಅಮ್ಮ ಪಕ್ಕದಲ್ಲೇ ಕೂತು ಇದನ್ನೆಲ್ಲ ಓದಿಸಿಕೊಳ್ಳುತ್ತಿದ್ದಾರೆ. ಕನಕಗಿರಿ ದೇವಸ್ಥಾನಕ್ಕೆ ಮೆಟ್ಟಿಲು ಎಷ್ಟಿವೆ ಅಂತ ಕೇಳು ಎನ್ನುತ್ತಿದ್ದಾರೆ.